ಮೆಷಿನ್ ಮಾತ್ರ ಕೊಡಬೇಡ

ಏ ಸೊಸೆ ಮಹಾರಾಯಿತಿ,

ನನಗೆ ನಿದ್ದೆ ಬಂತು ಕಣೇ! ಒಂಬತ್ತಕ್ಕೆ ಮಲಗಿದವಳು ಎದ್ದದ್ದು ಆರೂವರೆಗೆ. ನಿನ್ನನ್ನು ಎಬ್ಬಿಸಿ ಹೇಳೋಣವೆಂದು ಬಾಗಿಲವರೆಗೂ ಬಂದೆ. ನೀನು ಗೊರಕೆ ಹೊಡೆಯುತ್ತಿದ್ದೆ, ಪಾಪ ಅನ್ನಿಸಿತು. ಅದಕ್ಕೇ ಈ ಚೀಟಿ.

ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ಹೊಲಿಯುತ್ತಾ ಕೂತರೆ ಮೈಗೆ ಹಗಲು ರಾತ್ರಿ ತಿಳಿಯುವುದಿಲ್ಲ, ಅದಕ್ಕೇ ನಿಮಗೆ ನಿದ್ದೆ ಹತ್ತುವುದಿಲ್ಲ ಎಂದು ನೀನು ಹೇಳಿದಾಗ, "ಮೈಗೇನು ಕಣ್ಣಿದ್ಯಾ?" ಎಂದು ನಕ್ಕಿದ್ದೆ. ಹೋದ ವಾರ ನೀನೂ ನನ್ನ ಮಗನೂ ಮೆಷಿನ್ನನ್ನು ಹಜಾರದ ಕಿಟಕಿಗೆ ಎಳೆದು ತಂದಾಗ ಊಟ ಬಿಟ್ಟು ಮುನಿಸಿಕೊಂಡೆ. ಸಂಜೆ ದೊಡ್ಡ ದೀಪ ಆರಿಸಿದ್ದಕ್ಕೂ ಬೈದೆ. ಬೈದದ್ದೆಲ್ಲ ವಾಪಸ್ ತಗೊಂಡೆ. ಆದರೂ ನಿನ್ನ ಆ ಮಂಕು ಹಳದಿ ಬಲ್ಬಿನಲ್ಲಿ ಉಪ್ಪು ಯಾವುದು, ಸಕ್ಕರೆ ಯಾವುದು ಗೊತ್ತಾಗುವುದಿಲ್ಲ, ಅದು ನಿಜ.

ಈಗ ಮುಖ್ಯ ಮಾತು. ನಿದ್ದೆಗೆಟ್ಟು ಒಂದೇ ಅಂಗಿಗೆ ಎರಡೂ ಎಡತೋಳು ಹೊಲಿದ ದಿನ, ಇನ್ನು ಈ ಕಸುಬೇ ಸಾಕೆಂದು ಮೂಲೆಯಂಗಡಿಯ ದರ್ಜಿಗೆ ಮೆಷಿನ್ ಕೊಡಲು ಒಪ್ಪಿದ್ದೆನಲ್ಲ, ಅವನು ಇವತ್ತು ಹತ್ತಕ್ಕೆ ಗಾಡಿ ತರುತ್ತಾನೆ. ಅಷ್ಟರೊಳಗೆ ಏಳು. ಕುರ್ಚಿ ಕೊಡು, ಚಹಾ ಕೊಡು, ಮೆಷಿನ್ ಮಾತ್ರ ಕೊಡಬೇಡ! ತೀರಾ ಹಟ ಹಿಡಿದರೆ, "ನಮ್ಮತ್ತೆಗೆ ತಲೆ ಕೆಟ್ಟಿದೆ, ನೀವು ಹೋಗಿ" ಅಂದುಬಿಡು, ನನಗೇನೂ ಬೇಜಾರಿಲ್ಲ.

ಕೈಲಾಗದು ಎಂದು ಮೊನ್ನೆ ವಾಪಸ್ ಕೊಟ್ಟೆನಲ್ಲ ನರ್ಸಮ್ಮನ ಯೂನಿಫಾರ್ಮಿನ ಬಟ್ಟೆ, ಅದನ್ನು ಮತ್ತೆ ಕೇಳಿ ತರಲು ಹೊರಟಿದ್ದೇನೆ. ಟೇಪು ಹುಡುಕಬೇಡ, ನನ್ನ ಕೊರಳಲ್ಲೇ ಇದೆ. ಬೀದಿಯವರು ನೋಡಿ ನಗಲಿ ಬಿಡು.

ನಿನ್ನ ಅತ್ತೆ