ಮಾವನ ವಾಚಿಗೆ ಕೀ

ವಾದಿ,

ಮಾವನ ವಾಚು ಫ್ರಿಜ್ ಮೇಲಿದೆ, ನಡೆಯುತ್ತಿದೆ. ಶನಿವಾರ ನಿನ್ನ ಮಾತು ಕೇಳಿ ಅದರ ರಿಪೇರಿಗೆಂದು ಆ ಮಾಲ್‌ನಲ್ಲಿ ಎರಡು ಗಂಟೆ ಅಲೆದೆ. ಸೆಂಟಿನ ವಾಸನೆಗೆ ತಲೆನೋವು ಬಂತು, ಕಾರು ಎಲ್ಲಿ ನಿಲ್ಲಿಸಿದ್ದೆ ಅಂತ ಮರೆತೂ ಹೋಯಿತು. ಕೊನೆಗೆ ಅಲ್ಲಿಯವರು ಹೊಸ ವಾಚು ತಗೊಳ್ಳಿ ಎಂದರು. ಇನ್ನು ಜನ್ಮದಲ್ಲಿ ನನ್ನನ್ನು ಮಾಲ್‌ಗೆ ಕಳಿಸಬೇಡ.

ನಿನ್ನೆ ಪಾಲೋ ಆಲ್ಟೋದಲ್ಲಿ ವಾಚು ರಿಪೇರಿ ಮಾಡುವ ಒಬ್ಬ ಮುದುಕ ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ, ಕೀ ಕೊಟ್ಟಿಲ್ಲ ಅಷ್ಟೇ ಎಂದ.

ನಿನ್ನ ಅಪ್ಪ ಐವತ್ತು ವರ್ಷದಿಂದ ದಿನಾ ಕೀ ಕೊಟ್ಟವರು, ಮರೆಯುವವರಲ್ಲ. ಇವತ್ತು ಗಮನಿಸಿದೆ, ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿಯುತ್ತಾರೆ. ಅಷ್ಟು ಸಣ್ಣ ಕೀ ತಿರುಗಿಸಲು ಅವರ ಬೆರಳಿಗೆ ಆಗುತ್ತಿಲ್ಲ. "ವಾಚು ಹಾಳಾಯ್ತು ಮಾರಾಯ್ತಿ" ಎಂದರೇ ಹೊರತು ಬೆರಳಿನ ಮಾತೆತ್ತಲಿಲ್ಲ.

ನೀನೂ ಎತ್ತಬೇಡ. ರಿಪೇರಿ ಆಯಿತು ಅಂತಷ್ಟೇ ಹೇಳು. ಡಾಕ್ಟರ ವಿಷಯ ಗುರುವಾರ ನಾನು ಪ್ರಯಾಣ ಮುಗಿಸಿ ಬಂದಮೇಲೆ ನೋಡೋಣ.

ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಅವರು ವಾಚು ಬಿಚ್ಚಿ ಮಂಚದ ಪಕ್ಕ ಇಡುತ್ತಾರೆ. ಆಗ ಕೀ ಕೊಟ್ಟು ಅದೇ ಜಾಗದಲ್ಲಿಡು. ದಿನಾ, ತಪ್ಪದೆ. ಸ್ನಾನ ಮುಗಿಸಿ ಬಂದವರೇ ಮೊದಲು ಅದನ್ನು ಕಿವಿಗೆ ಹಿಡಿಯುತ್ತಾರೆ.

ಪ್ರಣೀತಾ