ಪುಕ್ಕಲಿ ಇನ್ನೂ ಎದ್ದಿಲ್ಲ

ಹಿಂದಿನ ಸಾಲು, ಕೊನೇ ಮನೆ
ಮಾರ್ಚ್ ಹತ್ತು, ಸೋಮವಾರ

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? ಸುಳ್ಳು ಬೇಡ, ಬಗ್ಗುತ್ತದೋ ಇಲ್ಲವೋ ಅಷ್ಟು ಹೇಳು. ಆಪರೇಷನ್ ಆದ ವಾರಕ್ಕೇ ಮೆಟ್ಟಿಲು ಹತ್ತಿಸುತ್ತೇವೆ ಅಂತ ಡಾಕ್ಟರು ಮಾತು ಕೊಟ್ಟಿದ್ದರು. ನೀನಿನ್ನೂ ಅಕ್ಕನ ಮನೆಯ ಗೋಡೆ ಹಿಡಿದು ನಡೆಯುತ್ತಿದ್ದೀಯ. ಹಿಂದಿನ ಸಾಲಿನ ನಾಲ್ಕೂ ಮನೆಗೆ ನಲ್ಲಿ ಹಾಕಿಸುತ್ತೇವೆ ಅಂತ ವಠಾರದ ಕಮಿಟಿ ಮಾತು ಕೊಟ್ಟಿತ್ತು, ಹಾಕಿಸಲಿಲ್ಲ. ಮೋರಿಗೆ ಕಲ್ಲು ಮುಚ್ಚಿಸುತ್ತೇವೆ ಅಂದರು, ಮುಚ್ಚಿಸಲಿಲ್ಲ. ನೀರಿನ ಲಾರಿ ನಿಮ್ಮ ಬಾಗಿಲಿಗೇ ಬರುತ್ತದೆ ಅಂದರು. ಅದು ಮುಂದಿನ ಸಾಲಿಗೇ ನಿಲ್ಲುತ್ತದೆ, ನಾವು ಬಿಂದಿಗೆ ಹೊರುತ್ತೇವೆ. ವಂತಿಗೆ ಮಾತ್ರ ಎರಡೂ ಸಾಲಿಗೆ ಒಂದೇ. ಈ ವಠಾರದಲ್ಲಿ ಕೊಟ್ಟ ಮಾತು ಉಳಿಸಿಕೊಂಡವಳು ನಿನ್ನ ಮಗಳೊಬ್ಬಳೇ. ಕೋಳಿ ನೋಡಿಕೊಳ್ಳುತ್ತೇನೆ ಅಂದಿದ್ದೆ, ನೋಡಿಕೊಂಡಿದ್ದೇನೆ. ನಾಲ್ಕಕ್ಕೆ ನಾಲ್ಕೂ ಗಟ್ಟಿಯಾಗಿವೆ.

ಫೋನು ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ನೀನು ಫೋನಿನಲ್ಲಿ ಮಾತಾಡುವಾಗ ಅಕ್ಕ ಪಕ್ಕದಲ್ಲೇ ನಿಂತಿರುತ್ತಾಳೆ. ನಾನು ಕೋಳಿ ಅಂದ ತಕ್ಷಣ ಫೋನು ಕಿತ್ತುಕೊಂಡು, ‘ಅಮ್ಮನಿಗೆ ವಿಶ್ರಾಂತಿ ಬೇಕು ಕಣೇ, ನಿನ್ನ ಕೊಕ್ಕೊಕ್ಕೋ ಸಾಕು’ ಅನ್ನುತ್ತಾಳೆ. ಕಾಗದವನ್ನು ಕಿತ್ತುಕೊಳ್ಳುವಷ್ಟು ಪುರುಸೊತ್ತು ಅವಳಿಗಿಲ್ಲ.

ನೀನು ಹೊರಡುವಾಗ ಆಟೋದಲ್ಲಿ ಕೂತು ಒಂದು ಕಾಲು ಹೊರಗೆ ಚಾಚಿಕೊಂಡೇ ಹೇಳಿದ್ದೆಯಲ್ಲ, ‘ಒಂದನ್ನೂ ಯಾರಿಗೂ ಕೊಡಬೇಡ, ಬಂದು ಎಣಿಸ್ತೀನಿ’ ಅಂತ. ಆಗ ನನಗೆ ನಗು ಬಂದಿತ್ತು. ಕಾರ್ಖಾನೆ ಗೇಟಿನಲ್ಲಿ ಘೋಷಣೆ ಕೂಗಿ ಗಂಟಲು ಹರಿದುಕೊಳ್ಳುವವಳಿಗೆ ಕೋಳಿ ಗೂಡು ಗುಡಿಸುವ ಕೆಲಸವೇ ಅಂತ ಮೂಗು ಮುರಿದಿದ್ದೆ. ಈಗ ಕೆಲಸಕ್ಕೆ ಹೊರಡುವ ಮುಂಚೆ ಬಕೆಟ್ಟು ಬೋರಲು ಹಾಕಿಕೊಂಡು ಗೂಡಿನ ಮುಂದೆ ಕೂತುಬಿಡುತ್ತೇನೆ. ಏಳಲು ಮನಸ್ಸೇ ಬರುವುದಿಲ್ಲ. ಇಷ್ಟು ವರ್ಷ ಇವುಗಳ ಮೊಟ್ಟೆ ತಿಂದೆ, ಮುಖ ನೋಡಿರಲಿಲ್ಲ. ಮೊಟ್ಟೆ ಇಟ್ಟವಳು ಊರಿಗೆಲ್ಲ ಕೇಳುವಂತೆ ಕೂಗುತ್ತಾಳೆ, ಸರಿ, ಅವಳ ದುಡಿಮೆ, ಅವಳು ಕೂಗಲಿ. ಆದರೆ ಏನೂ ಇಡದ ಮಿಕ್ಕವರು ಯಾಕೆ ದನಿ ಸೇರಿಸುತ್ತಾರೆ? ಸಂಜೆ ಯಾರೂ ಕರೆಯದೆ ಒಂದರ ಹಿಂದೊಂದು ಗೂಡಿಗೆ ಹೋಗುತ್ತವಲ್ಲ, ಮೋಡ ಕವಿದ ದಿನವೂ ಹೊತ್ತು ಹೇಗೆ ತಿಳಿಯುತ್ತದೆ? ಒಂದು ಗುಟುಕು ನೀರು ಕುಡಿದು ತಲೆ ಎತ್ತಿ ಮೇಲೆ ನೋಡುವುದು ಯಾಕೆ? ನಿನಗೆ ಗೊತ್ತಿದ್ದರೆ ಹೇಳು. ಗೊತ್ತಿಲ್ಲದಿದ್ದರೆ ಇಷ್ಟು ವರ್ಷ ಕೇಳದೆ ಹೇಗಿದ್ದೆ ಅಂತಾದರೂ ಹೇಳು.

ಕಾಳಿನ ವಿಷಯಕ್ಕೆ ಮಾತ್ರ ನನಗೂ ದೊರೆಸಾನಿಗೂ ದಿನಾ ಜಗಳ. ಆ ಕರೀ ಕೋಳಿಗೆ ನೀನು ಆ ಹೆಸರಿಟ್ಟಿದ್ದು ಸರಿಯಾಗಿಯೇ ಇದೆ. ತಾನು ತಿಂದು ಮುಗಿಸುವ ತನಕ ಕೆಂಪಿಯೂ ಜುಟ್ಟಿಯೂ ದೂರ ನಿಲ್ಲಬೇಕು. ಅವರ ಸರದಿ ಮುಗಿದ ಮೇಲೆ ಉಳಿದ ಹೊಟ್ಟು ಪುಕ್ಕಲಿಗೆ. ನನ್ನ ಕಣ್ಣೆದುರಿಗೆ ಇಂಥದ್ದು ನಡೆದರೆ ಬಿಡುತ್ತೇನೆಯೇ? ಒಂದು ತಟ್ಟೆ ತೆಗೆದು ನಾಲ್ಕು ತಟ್ಟೆ ಮಾಡಿ, ನಾಲ್ಕು ಮೂಲೆಗೆ ಇಟ್ಟೆ. ದೊರೆಸಾನಿ ನಾಲ್ಕೂ ಮೂಲೆಗೆ ಓಡಿ ಓಡಿ ಏದುಸಿರು ಬಿಟ್ಟಳು. ಅವಳು ಒಂದು ಮೂಲೆಯಲ್ಲಿದ್ದಾಗ ಮೂರು ಕಡೆ ಊಟ ನಡೆಯಿತು. ಕುಕ್ಕಿಸಿಕೊಂಡು ಬೋಳಾಗಿದ್ದ ಪುಕ್ಕಲಿಯ ಕುತ್ತಿಗೆಗೆ ಮತ್ತೆ ಗರಿ ಬಂದಿದೆ ಅಮ್ಮಾ. ನೀನು ಹೇಳಿದಂತೆ ಮೊಟ್ಟೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ನುಚ್ಚಿಗೆ ಬೆರೆಸುತ್ತೇನೆ. ಮೂಲೆಯಲ್ಲಿ ಬೂದಿ ಗುಡ್ಡೆ ಹಾಕಿದ್ದೇನೆ. ಅದರಲ್ಲಿ ಕಾಲು ಮೇಲೆ ಮಾಡಿಕೊಂಡು ಹೊರಳುವುದನ್ನು ಮೊದಲ ಸಲ ನೋಡಿದಾಗ ಸತ್ತೇ ಹೋಯಿತು ಅಂತ ಎದೆ ಒಡೆದುಕೊಂಡಿದ್ದೆ.

ಇನ್ನು ನಗಬೇಡ. ಒಂದು ಬೆಳಿಗ್ಗೆ ಪುಕ್ಕಲಿ ಗೂಡಿನಿಂದ ಇಳಿಯಲಿಲ್ಲ. ಕಾಳಿಗೆ ಬರಲಿಲ್ಲ, ಮೊಟ್ಟೆ ಇಡುವುದೂ ನಿಂತಿತು. ಕೈ ಹಾಕಿದರೆ ಗರಿ ಕೆದರಿಕೊಂಡು ಗುರ್ ಅಂದಳು. ನೆರಳು ಕಂಡರೆ ಓಡುತ್ತಿದ್ದವಳು ನನ್ನ ಬೆರಳು ಕುಕ್ಕಿದಳು! ನನಗೆ ಹೊಳೆದದ್ದು ಒಂದೇ: ಮುಷ್ಕರ. ಇಷ್ಟು ದಿನ ತುಳಿಸಿಕೊಂಡವಳು ಕೂತೇಬಿಟ್ಟಿದ್ದಾಳೆ, ಬೇಡಿಕೆ ಈಡೇರುವ ತನಕ ಏಳುವುದಿಲ್ಲ. ಕೂತವರ ಪಕ್ಕ ನಿಲ್ಲುವುದನ್ನು ಯೂನಿಯನ್ ಕಲಿಸಿದೆಯಲ್ಲ, ನಿಂತೆ. ನೀರು, ಕಾಳು, ಸೊಪ್ಪು ಅವಳಿದ್ದಲ್ಲಿಗೇ ಒಯ್ದೆ. ಅದೇ ಗೂಡಿಗೆ ಮೊಟ್ಟೆ ಇಡಲು ಬಂದ ಜುಟ್ಟಿಗೆ ‘ನಾಚಿಕೆ ಆಗಲ್ವೇನೇ, ಮುಷ್ಕರ ಮುರೀತೀಯಾ?’ ಅಂತ ಬೈದು ಓಡಿಸಿದೆ. ಪಕ್ಕದ ಮನೆಯ ಟೈಲರ್ ಅತ್ತಿಗೆ ಗೋಡೆಯಾಚೆಯಿಂದ ಇದನ್ನು ಕೇಳಿಸಿಕೊಂಡು, ಹೊಲಿಗೆ ಬಿಟ್ಟು ಬಂದು, ಗೂಡಿನೊಳಗೆ ಇಣುಕಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ‘ಅಯ್ಯೋ ನಿನ್ನ ಯೂನಿಯನ್ನಿಗಿಷ್ಟು! ಕಾವಿಗೆ ಕೂತಿದೆ ಕಣೇ ಅದು. ಮರಿ ಮಾಡೋ ಹಟ. ಹುಂಜ ಇಲ್ಲದ ಮನೇಲಿ ಬರೀ ಹುಲ್ಲಿನ ಮೇಲೆ ಕೂತಿದೆ ಪಾಪ.’ ಈಗ ವಠಾರದಲ್ಲಿ ಯಾರಾದರೂ ಸುಮ್ಮನೆ ಕೂತರೆ ‘ಮುಷ್ಕರನಾ, ಕಾವಾ?’ ಅಂತ ಕೇಳುವುದು ರೂಢಿಯಾಗಿದೆ.

ನೀರಿನ ಲಾರಿಯ ಡ್ರೈವರಣ್ಣನ ಮನೆಯಲ್ಲಿ ಹುಂಜ ಇದೆ. ಅವನು ಟೋಪಿಯಲ್ಲಿ ಬಟ್ಟೆ ಹಾಸಿ ಆರು ಮೊಟ್ಟೆ ತಂದುಕೊಟ್ಟ. ಲಾರಿ ನಮ್ಮ ಸಾಲಿಗೆ ಬಾರದಿದ್ದರೂ ಟೋಪಿ ಬಂತು. ಪುಕ್ಕಲಿಯ ಕೆಳಗೆ ಒಂದೊಂದೇ ಸರಿಸಿದೆವು. ಅವಳು ಕೊಕ್ಕಿನಿಂದ ಎಳೆದುಕೊಂಡು, ಹೊಟ್ಟೆಯ ಗರಿ ಹರಡಿ ಮುಚ್ಚಿಕೊಂಡಳು. ದಿನಕ್ಕೆ ಒಂದು ಸಲ ಇಳಿಯುತ್ತಾಳೆ, ತಿಂದು ಕುಡಿದು ಯಾರ ಹಂಗೂ ಇಲ್ಲದೆ ಮರಳುತ್ತಾಳೆ. ದೊರೆಸಾನಿಯೇ ದಾರಿ ಬಿಡುತ್ತಾಳೆ ಈಗ! ಮೊನ್ನೆ ಅತ್ತಿಗೆ ಒಂದು ಮೊಟ್ಟೆ ತೆಗೆದುಕೊಂಡು ಬಚ್ಚಲುಮನೆಗೆ ಕರೆದಳು. ಬಾಗಿಲು ಹಾಕಿ, ಮೊಟ್ಟೆಗೆ ಟಾರ್ಚು ಒತ್ತಿ ಹಿಡಿದಳು. ಒಳಗೆಲ್ಲ ಕೆಂಪು ನರ, ಎಲೆಯ ನರದ ಹಾಗೆ. ನಡುವೆ ಕಪ್ಪು ಚುಕ್ಕೆ. ಅದು ಅಲ್ಲಾಡಿತು ಅಮ್ಮಾ. ನಾನು ಮೊಟ್ಟೆಗೆ ಮೂಗು ತಾಗುವಷ್ಟು ಬಗ್ಗಿದೆ. ಅತ್ತಿಗೆ, ‘ಏನೇ, ಘೋಷಣೆ ಕೂಗಲ್ವಾ?’ ಅಂದಳು.

ಈಗ ಕೆಟ್ಟ ಸುದ್ದಿ. ಕಮಿಟಿಯ ಕಾರ್ಯದರ್ಶಿ ಗೊತ್ತಲ್ಲ, ಸೊಂಟಕ್ಕೆ ನೀರಿನ ತೊಟ್ಟಿಯ ಬೀಗದಕೈ ಸಿಕ್ಕಿಸಿಕೊಂಡು ಓಡಾಡುವವನು. ಶುಕ್ರವಾರ ಗೋಡೆಗೆ ನೋಟೀಸು ಅಂಟಿಸಿದ್ದಾನೆ. ಒಂದು ಮನೆಗೆ ಒಂದೇ ಸಾಕುಪ್ರಾಣಿ ಎಂಬ ನಿಯಮ ಮೀರಿ ಕೊನೇ ಮನೆಯವರು ನಾಲ್ಕು ಕೋಳಿ ಇಟ್ಟಿದ್ದಾರೆ, ಬರುವ ಸಭೆಯಲ್ಲಿ ತೀರ್ಮಾನಿಸಿ ಅಂದೇ ಗೂಡು ತೆಗೆಸಲಾಗುವುದು, ಅಂತ. ಅವನ ನಾಯಿ ಬೆಳಗಿನಿಂದ ಬೊಗಳುತ್ತದೆ. ಅದು ಒಂದೇ ನಾಯಿ, ಆದ್ದರಿಂದ ಕಾನೂನಿನ ಪ್ರಕಾರ ಸರಿ. ಮೊಟ್ಟೆ ಒಡೆದು ಮರಿ ಬರಲು ಸಭೆಯ ದಿನದಾಚೆಗೂ ಒಂದು ವಾರ ಬೇಕು. ಗೂಡು ಕಿತ್ತು ಪುಕ್ಕಲಿಯನ್ನು ಎಬ್ಬಿಸಿದರೆ ಮೊಟ್ಟೆ ತಣ್ಣಗಾಗುತ್ತವೆ, ಆ ಚುಕ್ಕೆ ಅಲ್ಲಿಗೇ ನಿಲ್ಲುತ್ತದೆ. ಸಾಯಂಕಾಲ ಅವನೇ ನಗುತ್ತಾ ಬಾಗಿಲಿಗೆ ಬಂದ. ‘ನೋಡಮ್ಮಾ, ನಲ್ಲಿ ಬೇಕು ಅಂತ ನಿಮ್ಮ ಸಾಲಿನವರು ಸಹಿ ಹಾಕಿ ಅರ್ಜಿ ಕೊಟ್ಟಿದೀರಲ್ಲ, ಅದನ್ನ ವಾಪಸ್ ತಗೊಳ್ಳಿ. ಕೋಳಿ ನನ್ನ ಕಣ್ಣಿಗೆ ಬೀಳೋದೇ ಇಲ್ಲ’ ಅಂದ. ಆರು ಮರಿಯನ್ನು ತೋರಿಸಿ ನಾಲ್ಕು ಮನೆಯ ನೀರು ಕೇಳುತ್ತಾನೆ!

ನಾನು ಕೂಡಲೇ ಅತ್ತಿಗೆಯ ಮನೆಗೆ ಹೋಗಿ ಹೇಳಿದೆ. ಅವಳ ಹೆಗಲು ನೀನು ನೋಡಿದ್ದೀಯ, ಬಿಂದಿಗೆ ಹೊತ್ತು ಹೊತ್ತು ಒಂದು ಪಕ್ಕ ಇಳಿದುಹೋಗಿದೆ. ಎಲ್ಲರಿಗಿಂತ ಮೊದಲು ಸಹಿ ಹಾಕಿದವಳು. ಅವಳು ಸೂಜಿಗೆ ದಾರ ಪೋಣಿಸುತ್ತಲೇ, ‘ನೀರು ಇಷ್ಟು ದಿನ ಹೊತ್ತಿದೀವಿ, ಇನ್ನೊಂದಿಷ್ಟು ದಿನ ಹೊರೋಣ. ಕೂತಿರೋದನ್ನ ಎಬ್ಬಿಸಬೇಡ’ ಅಂದಳು. ನನಗೆ ಸಿಟ್ಟು ನೆತ್ತಿಗೇರಿತು, ಅವಳ ಮೇಲಲ್ಲ, ಅವಳ ಬಾಯಲ್ಲಿ ಆ ಮಾತು ಬರುವ ಹಾಗೆ ಮಾಡಿದವನ ಮೇಲೆ. ಸಹಿ ವಾಪಸ್ ಇಲ್ಲ ಅಂದೆ. ಹಾಗಾದರೆ ಕೋಳಿ? ಅಂದಳು. ನಿನ್ನೆ ತಟ್ಟೆ ತೊಳೆದು ನಾಲ್ಕು ಮೂಲೆಗೆ ಇಡುವಾಗ ಉತ್ತರ ಸಿಕ್ಕಿತು. ಅದನ್ನು ಕೆಳಗೆ ಬರೆದಿದ್ದೇನೆ.

ಅಕ್ಕನಿಗೆ ನನ್ನ ನೆನಪು ಹೇಳು, ಭಾವನಿಗೂ. ಮಾತ್ರೆಯನ್ನು ತಲೆದಿಂಬಿನ ಕೆಳಗೆ ಬಚ್ಚಿಡಬೇಡ, ನನಗೆಲ್ಲ ಗೊತ್ತು. ನಿನ್ನ ಮಂಡಿಗೆ ಪುಕ್ಕಲಿಯ ಹಟ ಬರಲಿ.

ನಿನ್ನ
ಬಾಯಿಬಡುಕಿ

ಮತ್ತೆ: ಇದನ್ನು ಒಬ್ಬಳೇ ಇದ್ದಾಗ ಓದು. ಒಂದು ಮನೆಗೆ ಒಂದು ಪ್ರಾಣಿ, ಅದು ಅವರದೇ ನಿಯಮ. ನಮ್ಮ ಸಾಲಿನಲ್ಲಿ ನಾಲ್ಕು ಮನೆ, ಕೋಳಿ ನಾಲ್ಕು. ದೊರೆಸಾನಿ ಟೈಲರ್ ಅತ್ತಿಗೆಗೆ, ಕೆಂಪಿ ನರ್ಸಮ್ಮನಿಗೆ, ಜುಟ್ಟಿ ಎಲೆಕ್ಟ್ರಿಷಿಯನ್ ಮನೆಗೆ. ಪುಕ್ಕಲಿ, ಅವಳ ಗೂಡು, ನಮಗೆ. ಆಮೇಲೆ ಕಾರ್ಯದರ್ಶಿ ಯಾವ ಗೂಡು ಕೀಳುತ್ತಾನೋ ಕೀಳಲಿ. ಆದರೆ ತೋರಿಕೆಗೆ ಕೊಟ್ಟು ಆಮೇಲೆ ಕಸಿದುಕೊಂಡರೆ ನಾನೂ ಆ ಬೀಗದಕೈಯವನೂ ಒಂದೇ ಆಗುತ್ತೇವೆ. ಕೊಟ್ಟರೆ ಕೊಟ್ಟ ಹಾಗೆಯೇ. ನೀನು ಬಂದು ಎಣಿಸಿದಾಗ ಮೂರು ನಿನ್ನವಾಗಿರುವುದಿಲ್ಲ, ಅವುಗಳ ಮೊಟ್ಟೆಯೂ ನಿನ್ನದಲ್ಲ. ವಠಾರಕ್ಕೆಲ್ಲ ಮಾತಾಡುವ ನಾನು ಇಲ್ಲಿ ನಿನ್ನ ಪರವಾಗಿ ಮಾತಾಡಲಾರೆ, ಕೋಳಿ ನಿನ್ನದು. ಅತ್ತಿಗೆಯ ಫೋನಿಗೆ ಮಾಡಿ ‘ಕೊಡು’ ಅನ್ನು, ಇಲ್ಲ ‘ಬೇಡ’ ಅನ್ನು, ಅಕ್ಕನಿಗೆ ಏನೂ ತಿಳಿಯುವುದಿಲ್ಲ. ಬೇಡ ಅಂದರೂ ಸಹಿ ವಾಪಸ್ ಬರುವುದಿಲ್ಲ, ಅದು ನಾಲ್ಕು ಮನೆಯದು. ಕೊಡು ಅಂದರೆ ಮೂವರೂ ತಮ್ಮ ತಮ್ಮ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡೇ ಸಭೆಗೆ ಬಂದು ನಲ್ಲಿ ಕೇಳುತ್ತಾರೆ. ಸಭೆ ಈ ಭಾನುವಾರ, ಸಂಜೆ ನಾಲ್ಕು ಗಂಟೆಗೆ, ನೀರಿನ ತೊಟ್ಟಿಯ ಕೆಳಗೆ.