ಇತರೆ ಎಂಬ ಖಾನೆ

ಫೆಬ್ರವರಿ 3, ಸೋಮವಾರ, ಬೆಳಿಗ್ಗೆ 8

ಹಾಲು ಹಾಕಿ ಬಂದೆ. ಫೋನು ಶುರು ಹಚ್ಚಿಕೊಂಡಿದೆ. ಬೀದಿಯ ಹೆಂಗಸರೆಲ್ಲ ಸೊಸೈಟಿಗೆ ನನ್ನ ನಂಬರನ್ನೇ ಕೊಟ್ಟಿದ್ದಾರೆ — ಯಾರ ಹಾಲು ಎಷ್ಟು ಲೀಟರು, ಫ್ಯಾಟು ಎಷ್ಟು, ಎಲ್ಲ ಮೆಸೇಜೂ ನನಗೇ. ಓದಿ ಹೇಳುವುದು ನನ್ನ ಕೆಲಸ. ಊರಿಗೊಬ್ಬಳೇ ಪದ್ಮಾವತಿ ಅನ್ನುತ್ತಾರಲ್ಲ, ಹಾಗೆ ನಾನು.

ವೇಣುವಿನ ಮೆಸೇಜು ಮಾತ್ರ ಇಲ್ಲ. ಬೋರ್‌ವೆಲ್ ಲಾರಿ ಹತ್ತಿ ಛತ್ತೀಸ್‌ಗಡಕ್ಕೆ ಹೋಗಿ ಹದಿನೆಂಟು ದಿನ. ಅಲ್ಲಿ ಹೊಸ ಸಿಮ್ ಹಾಕಿಸಿ ಮೆಸೇಜ್ ಮಾಡುತ್ತೇನೆಂದ. ಕಾಲ್ ಬೇಡ ಎಂದವಳು ನಾನೇ — ಗೂಡಿನಲ್ಲಿರುವ ಫೋನನ್ನು ಯಾರು ಬೇಕಾದರೂ ಎತ್ತುತ್ತಾರೆ. ರಜೆ ಸಿಕ್ಕರೆ ನನ್ನನ್ನು ಕೇಳುತ್ತಾನಂತೆ. ಬಾ ಎಂದರೆ ಉರಿಗಾಂನಿಂದ ಅವನ ಅಮ್ಮನನ್ನು ಕರೆದುಕೊಂಡು ಅಣ್ಣನ ಹತ್ತಿರ ಹೆಣ್ಣು ಕೇಳಲು ಬರುತ್ತಾನೆ. ಹೋದ ಸಲ ಅಣ್ಣ ಅವನನ್ನು ಬೈದು ಕಳಿಸಿದಾಗ ನಾನು ಬಾಯಿ ಬಿಡಲಿಲ್ಲ. ಈ ಸಲ ಮಾತು ನನ್ನಿಂದಲೇ ಬರಬೇಕಂತೆ. ನ್ಯಾಯವೇ.

ಫೆಬ್ರವರಿ 5, ಬುಧವಾರ, ಸಂಜೆ

ಸೊಸೈಟಿ ಸೆಕ್ರೆಟರಿ ಚಿರಂಜೀವಿ ಫೋನಿಗೆ ಆಪ್ ಹಾಕಿಕೊಟ್ಟರು. ಹಾಲಿನ ಮೆಸೇಜನ್ನೆಲ್ಲ ತಾನೇ ಓದಿ ಒಬ್ಬೊಬ್ಬರ ಹೆಸರಿನಡಿ ಜೋಡಿಸುತ್ತದಂತೆ. ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದೇ ಕೇಳಿತು. ಮೆಸೇಜ್ ಓದಲಾ? ಆಗಲಿ ಎಂದು 'ಅಲೋ' ಒತ್ತಿದೆ. ಇನ್ನು ಮೇಲೆ ಬರುವ ಮೆಸೇಜನ್ನೆಲ್ಲ ನಾನೇ ತೆಗೆದುಕೊಳ್ಳಲಾ? ಅಲೋ. ಬಂದಾಗ ಸದ್ದು ಮಾಡಲಾ? — ಬೇಡ ಒತ್ತಿದೆ. ಬೆಳಬೆಳಿಗ್ಗೆ ಟಿಂಗ್ ಟಿಂಗ್ ಎಂದರೆ ಅತ್ತಿಗೆ ಶ್ಯಾಮಲ ಮುಖ ಗಂಟಿಕ್ಕುತ್ತಾಳೆ.

ಫೆಬ್ರವರಿ 9, ಭಾನುವಾರ

ಮನೆ ತಣ್ಣಗಿದೆ. ಅತ್ತಿಗೆಗೆ ಖುಷಿ. ಆಪ್ ತೆಗೆದರೆ ಬರೀ ಹೆಂಗಸರ ಹೆಸರು. ವೇಣು ಇಲ್ಲ.

ಫೆಬ್ರವರಿ 16, ಭಾನುವಾರ, ಮಧ್ಯಾಹ್ನ

ಬೇತಮಂಗಲಕ್ಕೆ ಹೋಗಿದ್ದೆ, ಬೂಸಾ ತರಲು. ಬಸ್ಸು ಕೆರೆ ಏರಿ ಪಕ್ಕ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿಕೊಂಡೆ. ನಾನೂ ವೇಣುವೂ ಅಲ್ಲೇ ಕೂತು ನೆಲಗಡಲೆ ತಿಂದಿದ್ದೆವು. ಎಷ್ಟು ತಿಕ್ಕಿದರೂ ಅವನ ಉಗುರಿನ ಗ್ರೀಸ್ ಹೋಗುತ್ತಿರಲಿಲ್ಲ. ಆ ಕೈ ಬೇಕು ನನಗೆ. ಬರೆದೇಬಿಟ್ಟೆ, ಯಾರು ನೋಡುತ್ತಾರೆ…

ಮರೆತನೋ ಏನೋ. ಮರೆತಿದ್ದರೆ ಅದನ್ನಾದರೂ ತಿಳಿಸಬಹುದಿತ್ತು. ಸಿಟ್ಟು ಬರುತ್ತದೆ. ಸಿಟ್ಟು ಬಂದರೂ ಸಂಜೆಯಾದರೆ ಅವನೇ ಬೇಕು.

ಫೆಬ್ರವರಿ 23, ಭಾನುವಾರ, ಬೆಳಿಗ್ಗೆ 9



ನರಸಮ್ಮ ಬಾಗಿಲಿಗೇ ಬಂದಳು. "ಏನಮ್ಮಾ ಪುಷ್ಪ, ಎಲ್ರ ಹಾಲೂ ಬಂದದೆ, ನಂದೆಲ್ಲೋಯ್ತು?" ಹುಡುಕಿದೆ. ಸೊಸೈಟಿಯಲ್ಲಿ ಅವಳ ಖಾತೆ ನಂಬರ್ ಬದಲಾಗಿತ್ತು, ಆಪಿಗೆ ಗುರುತು ಸಿಕ್ಕಿರಲಿಲ್ಲ. ಪರದೆಯ ಕೆಳಗೆ ಮೂಲೆಯಲ್ಲಿ 'ಇತರೆ' ಎಂದು ಸಣ್ಣ ಖಾನೆ. ಒತ್ತಿದೆ. ಲಾಟರಿ, ಸಾಲದ ಆಫರ್, ನರಸಮ್ಮನ ಹಾಲು… ಅದರ ಕೆಳಗೆ ಗೊತ್ತಿಲ್ಲದ ನಂಬರಿನಿಂದ ಮೂರು.

8ನೇ ತಾರೀಕು: "ವೇಣು ಕಣೆ. ರಜಾ ಕೊಟ್ಟವ್ರೆ. ಇಪ್ಪತ್ತಕ್ಕೆ ಬರ್ಲಾ?"

12: "ಬಾ ಅಂದ್ರೆ ಬತ್ತೀನಿ. ಒಂದೇ ಮಾತು ಸಾಕು."

18: "ರಜಾ ಬೇರೆಯವನಿಗೆ ಬಿಟ್ಟೆ. ನಾಳೆ ಲಾರಿ ಕಾಡೊಳಿಕ್ಕೆ ಓಗ್ತದೆ, ಟವರ್ ಇರಲ್ಲ. ನಿನ್ ಮೇಲೆ ಕೋಪ ಇಲ್ಲ."

ನರಸಮ್ಮನಿಗೆ ಫ್ಯಾಟು ಎಷ್ಟೆಂದು ಹೇಳಿ ಕಳಿಸಿದೆ. ಹೇಗೆ ಹೇಳಿದೆನೋ. ಹಿತ್ತಲಿಗೆ ಹೋಗಿ ಕಾಲ್ ಮಾಡಿದೆ, ನಾನೇ ಬೇಡವೆಂದಿದ್ದ ಕಾಲ್. ಸ್ವಿಚ್ ಆಫ್. ಎಂಟು ಸಲ ಸ್ವಿಚ್ ಆಫ್.

ಕೋಪ ಇಲ್ಲವಂತೆ. ಇದ್ದಿದ್ದರೇ ಚೆನ್ನಾಗಿತ್ತು.

ಮೆಸೇಜ್ ಬರೆದೆ: ಇವತ್ತು ನೋಡಿದೆ. ಬಾ. ಅಣ್ಣನಿಗೆ ನಾನೇ ಹೇಳುತ್ತೇನೆ.

ಸಂಜೆ 6

ಅಣ್ಣನಿಗೆ ಹೇಳಿದೆ. ತಟ್ಟೆ ತಳ್ಳಿ ಎದ್ದುಹೋದ. ಹೋಗಲಿ. ಸದ್ದು ಮಾಡಲಾ ಎಂದು ಆಪ್ ಕೇಳಿದ್ದ ಜಾಗ ಹುಡುಕಿ ಅಲೋ ಒತ್ತಿದೆ.

ಫೆಬ್ರವರಿ 27, ಗುರುವಾರ, ಬೆಳಿಗ್ಗೆ

ನಾಲ್ಕು ದಿನ. ಬೆಳಿಗ್ಗೆ ಇಪ್ಪತ್ತೆರಡು ಸದ್ದು, ಸಂಜೆ ಇಪ್ಪತ್ತೆರಡು. ಪ್ರತಿ ಸಲವೂ ಓಡಿ ಬರುತ್ತೇನೆ, ನೋಡಿದರೆ ಯಾರದೋ ಹಸುವಿನ ಫ್ಯಾಟು. ಅತ್ತಿಗೆ ಮುಖ ಗಂಟಿಕ್ಕುವುದಿಲ್ಲ. ಇವತ್ತು ಅವಳೇ ಫೋನನ್ನು ಗೂಡಿನಿಂದ ತಂದು ನನ್ನ ಪಕ್ಕ ಇಟ್ಟು ಹೋದಳು.

ಎಲ್ಲರದೂ ಬಂದಾಯಿತು. ಓದಿ ಹೇಳಿದ್ದೂ ಆಯಿತು. ಇನ್ನು ಸಂಜೆಗೇ.

ಟಿಂಗ್ ಎಂದಿತು.

ಯಾರದು ಉಳಿದಿತ್ತು? ಕದಿರಮ್ಮನದು ಬಂತು. ಗಂಗರತ್ನಮ್ಮನದು ಓದಿದೆ. ನರಸಮ್ಮನದೂ ಆಗಲೇ…